ಹಸಿರು ಮೇಜಿನ ಅಕ್ಕನ ಮನೆಗೆ ಬಂದ ಪೆಟ್ಟಿಗೆ

ಗೋದಾಮಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಬಾಗಿಲಲ್ಲಿ ಕೂರುವ ಕಾವಲುಗಾರನಿಂದ ಹಿಡಿದು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರವರೆಗೆ ಎಲ್ಲರಿಗೂ ಅವಳು ಪೆಟ್ಟಿಗೆ ಅಕ್ಕ. ಕಾವಲುಗಾರ ಅವಳಿಗಿಂತ ಎಷ್ಟೋ ವರ್ಷ ದೊಡ್ಡವನು, ಆದರೂ ಅವನ ಬಾಯಲ್ಲೂ ಅಕ್ಕನೇ. ಅದಕ್ಕೆ ಅವಳಿಗೆ ಬೇಜಾರಿಲ್ಲ. ಸುಮ್ಮನೆ ಯಾಕೆ ಸುಳ್ಳು, ಒಳಗೊಳಗೇ ಖುಷಿ. ಮಾಡುವ ಕೆಲಸವೇ ಹೆಸರಾಗಿ ಅಂಟಿಕೊಳ್ಳಬೇಕಾದರೆ ಆ ಕೆಲಸ ಕೈಗೆ ಒಲಿದಿರಬೇಕು ಎಂಬುದು ಅವಳ ನಂಬಿಕೆ.

ಅಲ್ಲಿ ನಡೆಯುವುದು ತಿಂಗಳ ಪೆಟ್ಟಿಗೆ ತುಂಬುವ ಕೆಲಸ. ಜನ ಫೋನಿನಲ್ಲಿ ಒಮ್ಮೆ ದುಡ್ಡು ಕಟ್ಟಿಬಿಟ್ಟರೆ ಸಾಕು, ತಿಂಗಳು ತಿಂಗಳೂ ಅವರ ಮನೆ ಬಾಗಿಲಿಗೆ ಒಂದು ಪೆಟ್ಟಿಗೆ ಬರುತ್ತದೆ. ಒಳಗೇನಿದೆ ಎಂದು ಬಿಚ್ಚುವವರೆಗೂ ಗೊತ್ತಾಗುವುದಿಲ್ಲ. ಹಾಗೆ ಗೊತ್ತಾಗದೇ ಇರುವುದಕ್ಕೇ ಅವರು ದುಡ್ಡು ಕೊಡುವುದು. ಬೇರೆ ಬೇರೆ ಕಂಪನಿಗಳು ಸಾಮಾನು ತಂದು ಗೋದಾಮಿನಲ್ಲಿ ಸುರಿಯುತ್ತವೆ. ತುಂಬಿ, ಮುಚ್ಚಿ, ಕಳಿಸುವುದು ಇವರ ಪಾಲು. ಕಂಪನಿಗಳ ಉದ್ದುದ್ದ ಹೆಸರು ಯಾರ ನಾಲಿಗೆಯಲ್ಲೂ ಹೊರಳುವುದಿಲ್ಲವಾದ್ದರಿಂದ ಮುಚ್ಚಳದ ಬಣ್ಣವೇ ಅಲ್ಲಿ ಹೆಸರು. ಹಳದಿ ಮೇಜಿನಲ್ಲಿ ಮಕ್ಕಳ ಆಟದ ಸಾಮಾನು, ಕಪ್ಪು ಮೇಜಿನಲ್ಲಿ ಗಂಡಸರ ಗಡ್ಡ ಮೀಸೆಯ ಸಾಮಾನು, ಹಸಿರು ಮೇಜಿನಲ್ಲಿ ಸೋಪು, ಮೇಣದಬತ್ತಿ, ಚಹಾಪುಡಿ, ಪಿಂಗಾಣಿ ಬಟ್ಟಲು, ಕೈ ಒರೆಸುವ ಪುಟ್ಟ ಟವೆಲು, ಹೀಗೆ ಮನೆಯಲ್ಲಿ ದಣಿದು ಕೂತವರಿಗೆ ಹಿತವಾಗುವಂಥವು.

ಹಸಿರು ಮೇಜು ಎಂದರೆ ಸುಮ್ಮನೆ ಅಲ್ಲ. ಆಟದ ಸಾಮಾನನ್ನು ಹೇಗೆ ತುರುಕಿದರೂ ನಡೆದೀತು. ಪಿಂಗಾಣಿಯ ಪಕ್ಕದಲ್ಲಿ ಸೋಪು, ಸೋಪಿನ ವಾಸನೆ ಹತ್ತದ ಹಾಗೆ ಚಹಾ, ಇವೆರಡರ ನಡುವೆ ಮುರಿಯದ ಹಾಗೆ ಮೇಣದಬತ್ತಿ ಕೂರಿಸುವುದಕ್ಕೆ ತಾಳ್ಮೆ ಬೇಕು. ಆ ಮೇಜಿನ ತಲೆಭಾಗದಲ್ಲಿ ನಿಲ್ಲುವವಳು ಅಕ್ಕ. ಪ್ರತಿ ತಿಂಗಳೂ ಮೊದಲ ಪೆಟ್ಟಿಗೆಯನ್ನು ಅವಳೇ ತುಂಬಬೇಕು. ಅದಕ್ಕೆ ಮಾದರಿ ಪೆಟ್ಟಿಗೆ ಎನ್ನುತ್ತಾರೆ. ಅದನ್ನು ನೋಡಿಕೊಂಡೇ ಉಳಿದವರು ಕೈ ಹಾಕುವುದು. ಸೂಪರ್‌ವೈಸರಮ್ಮ ಬಂದು ಮಾದರಿಯ ಫೋಟೋ ತೆಗೆಯುವಾಗ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದು, ತನಗೂ ಅದಕ್ಕೂ ಸಂಬಂಧವೇ ಇಲ್ಲವೇನೋ ಎಂಬ ಮುಖ ಮಾಡಿಕೊಂಡು ನಿಲ್ಲುತ್ತಾಳೆ. ಆ ಮುಖ ಯಾರನ್ನೂ ಮೋಸಗೊಳಿಸುವುದಿಲ್ಲ.

ಅವಳದೇ ಒಂದು ಪದ್ಧತಿ ಇದೆ. ಪೆಟ್ಟಿಗೆಯ ಒಳಗೆ ಸಾಮಾನಿನ ಮೇಲೆ ಹೊದಿಸುವ ತೆಳುಕಾಗದವನ್ನು ಎಲ್ಲರೂ ಟೇಪು ಅಂಟಿಸಿ ಮುಗಿಸುತ್ತಾರೆ. ಅಕ್ಕ ಟೇಪು ಮುಟ್ಟುವುದಿಲ್ಲ. ನಾಲ್ಕೂ ಕಡೆಯಿಂದ ಒಂದರೊಳಗೊಂದು ಸಿಕ್ಕಿಸಿ, ಕೊನೆಗೆ ಒಂದು ಮೂಲೆಯನ್ನು ಮಾತ್ರ ಬೆರಳಿನಷ್ಟು ಮೇಲಕ್ಕೆ ಬಿಡುತ್ತಾಳೆ. ಅದಕ್ಕೆ ಅವಳು ಇಟ್ಟ ಹೆಸರು ಕಿವಿ. ಕಿವಿ ಹಿಡಿದು ಎಳೆದರೆ ಕಾಗದ ಹರಿಯದೆ, ಹೂವು ಬಿಚ್ಚಿಕೊಂಡ ಹಾಗೆ ಬಿಚ್ಚಿಕೊಳ್ಳುತ್ತದೆ. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ, ಮಾಡು ಎಂದದ್ದೂ ಅಲ್ಲ. ಟೇಪಿಗಿಂತ ಬೇಗ ಮುಗಿಯುತ್ತದೆಂದು ಗೊತ್ತಾದ ಮೇಲೆ ಬೇಡ ಎನ್ನುವುದನ್ನೂ ಬಿಟ್ಟರು.

ಇಷ್ಟೆಲ್ಲ ಮಾಡುವ ಅಕ್ಕನಿಗೆ ಆ ಪೆಟ್ಟಿಗೆಗಳ ಬಗ್ಗೆ ಏನಾದರೂ ಭ್ರಮೆ ಇತ್ತೆಂದು ತಿಳಿಯಬೇಡಿ. ಮಧ್ಯಾಹ್ನ ಊಟದ ಹೊತ್ತಿಗೆ ಅದೇ ಚರ್ಚೆ. ಇವನ್ನು ಕೊಳ್ಳುವುದು ಸರಿಯೋ ದಂಡವೋ?

"ಅಂಗಡಿಗೆ ಹೋದ್ರೆ ಅರ್ಧ ದುಡ್ಡಿಗೆ ಸಿಗುತ್ತಲ್ಲ ಅಕ್ಕ, ಇವರಿಗೆ ತಲೆ ಕೆಟ್ಟಿದ್ಯಾ?" ಎನ್ನುತ್ತಾಳೆ ಪಕ್ಕದಲ್ಲಿ ನಿಲ್ಲುವ ಚೂಟಿ. ಕೈ ಚುರುಕು, ಬಾಯಿ ಇನ್ನೂ ಚುರುಕು ಎಂದು ಅವಳಿಗೆ ಆ ಅಡ್ಡಹೆಸರು.

"ಅಂಗಡೀಲಿ ಸೋಪು ಸಿಗುತ್ತೆ ಕಣೇ. ಯಾರೋ ನನಗೆ ಅಂತ ಕಳಿಸಿದ್ರು ಅನ್ನೋದು ಸಿಗುತ್ತಾ?" ಅಕ್ಕನ ಉತ್ತರ. "ಆದ್ರೆ ಅದಕ್ಕೂ ಒಂದು ಮಿತಿ ಇದೆ."

ಆ ಮಿತಿಯನ್ನು ಅವಳು ಕಂಡುಕೊಂಡದ್ದು ವಾಪಸ್ ಬಂದ ಪೆಟ್ಟಿಗೆಗಳಿಂದ. ಮನೆ ಬದಲಿಸಿದವರದು, ಬೇಡವೆಂದವರದು, ಬಾಗಿಲೇ ತೆಗೆಯದವರದು ಎಲ್ಲ ತಿರುಗಿ ಬಂದು ಒಂದು ಮೂಲೆಯಲ್ಲಿ ಬೀಳುತ್ತವೆ. ಅವನ್ನು ಬಿಚ್ಚಿ ಸಾಮಾನು ಬೇರೆ ಮಾಡುವುದೂ ಇವರ ಕೆಲಸವೇ. ತನಗೆ ತಾನೇ ಕೊಳ್ಳುವವರು ಮೊದಲು ಮನೆಯ ಕಪಾಟು ತೆಗೆದು ನೋಡಬೇಕು ಎನ್ನುತ್ತಾಳೆ ಅಕ್ಕ. ಹೋದ ತಿಂಗಳ ಸೋಪು ಮುಗಿಯುವ ಮೊದಲೇ ಈ ತಿಂಗಳ ಸೋಪು ಬಂದರೆ ಅದು ಸಂಭ್ರಮವಲ್ಲ, ದಾಸ್ತಾನು. ಇನ್ನೊಬ್ಬರಿಗೆ ಉಡುಗೊರೆ ಕೊಡುವುದಾದರೆ ಮೂರು ತಿಂಗಳು, ಅಷ್ಟೇ. ಮೊದಲನೆಯದು ಆಶ್ಚರ್ಯ, ಎರಡನೆಯದು ಕಾಯುವ ಖುಷಿ, ಮೂರನೆಯದಕ್ಕೆ ಅಯ್ಯೋ ಮುಗಿದೇ ಹೋಯಿತಲ್ಲ ಎನ್ನುವ ಪುಟ್ಟ ಬೇಸರ. ನಾಲ್ಕನೆಯದರಿಂದ ಮುಂದೆ ಅದು ಕರೆಂಟ್ ಬಿಲ್ಲು ಬಂದ ಹಾಗೆ ಬರುತ್ತಿರುತ್ತದೆ, ಅಷ್ಟೇ. ವರ್ಷಪೂರ್ತಿ ಪೆಟ್ಟಿಗೆ ಕಳಿಸುವವರನ್ನು ಕಂಡರೆ ಅವಳಿಗೆ ಪಾಪ ಎನಿಸುತ್ತದೆ, ಕಳಿಸಿದವರ ಮೇಲಲ್ಲ, ಪಡೆದವರ ಮೇಲೆ.

ಗೋದಾಮಿನಲ್ಲಿ ಒಂದು ಕಟ್ಟುನಿಟ್ಟಿದೆ. ಆ ತಿಂಗಳ ಪೆಟ್ಟಿಗೆಯಲ್ಲಿ ಏನಿದೆ ಎಂಬುದನ್ನು ಹೊರಗೆ ಬಾಯಿಬಿಡಬಾರದು. ಉಳಿದವರು ಆ ಕಟ್ಟಳೆಯನ್ನು ಗೇಟು ದಾಟುವಷ್ಟರಲ್ಲೇ ಮರೆಯುತ್ತಾರೆ. ಅಕ್ಕ ಮಾತ್ರ ಕಟ್ಟಿಕೊಂಡ ಗಂಡನಿಗೂ ಹೇಳಿದವಳಲ್ಲ. ಹಸಿರು, ಹಳದಿ ಎಂಬ ಬಣ್ಣದ ಹೆಸರು ಕೂಡ ಮನೆಯಲ್ಲಿ ಎತ್ತುತ್ತಿರಲಿಲ್ಲ. ಕೆಲಸದ ದಣಿವು, ಚೂಟಿಯ ತಮಾಷೆ, ಮೂರು ತಿಂಗಳ ಸಿದ್ಧಾಂತ, ಇಷ್ಟು ಮಾತ್ರ ಮನೆಯವರೆಗೆ ಬರುತ್ತಿತ್ತು.

ಮನೆ ಎಂದರೆ ಎರಡನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಮೂವರು ಜನ. ಅವಳ ಗಂಡ ಲಿಫ್ಟ್ ರಿಪೇರಿಯವನು. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳೆಲ್ಲ ಅವನ ಮಾತು ಕೇಳುತ್ತವೆ, ಅವನೇ ಮಾತಾಡುವುದಿಲ್ಲ. ಹೂಂ, ಉಹುಂ, ಆಯ್ತು, ಇವು ಮೂರರಲ್ಲಿ ಅವನ ಸಂಸಾರ ನಡೆದುಹೋಗಿದೆ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುವವರು ಅತ್ತೆ. ಅವರು ಜೀವಮಾನವಿಡೀ ಇಸ್ತ್ರಿ ಅಂಗಡಿಯ ಮೇಜಿನ ಮುಂದೆ ನಿಂತವರು. ಅವರು ಮಡಚಿಕೊಟ್ಟ ಅಂಗಿಯನ್ನು ಬಿಚ್ಚಲು ಗಿರಾಕಿಗಳಿಗೆ ಮನಸ್ಸೇ ಬರುತ್ತಿರಲಿಲ್ಲವಂತೆ. ಹಾಗೆಂದು ಹೇಳಿದವರು ಯಾರು ಎಂದರೆ, ಅತ್ತೆಯೇ. ಸೊಸೆಯ ಕೆಲಸವನ್ನು ಅವರು ಯಾವತ್ತೂ ಕೆಲಸವೆಂದು ಒಪ್ಪಿದವರಲ್ಲ.

"ರಟ್ಟಿನ ಡಬ್ಬಕ್ಕೆ ಸಾಮಾನು ತುಂಬೋದೂ ಒಂದು ಕಸುಬೇನಮ್ಮ? ಬೆಂಕಿ ಇಲ್ಲ, ನೀರಿಲ್ಲ, ಕೈ ಸುಡೋದಿಲ್ಲ," ಎನ್ನುತ್ತಿದ್ದರು. ಅಕ್ಕ ಎದುರಾಡುತ್ತಿರಲಿಲ್ಲ. ಅತ್ತೆಯ ಎರಡೂ ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆ ಉಳಿಸಿಹೋದ ಕಲೆಗಳಿದ್ದವು. ಅವನ್ನು ನೋಡಿದ ಮೇಲೆ ಏನು ಎದುರಾಡುವುದು?

ಅಕ್ಕನ ಹುಟ್ಟುಹಬ್ಬಕ್ಕೆ ಮನೆಯಲ್ಲಿ ಅಂಥ ಗೌಜು ಯಾವತ್ತೂ ಇರುವುದಿಲ್ಲ. ಆ ವರ್ಷ ಮಾತ್ರ ಗಂಡ ಕೆಲಸದಿಂದ ಬೇಗ ಬಂದ. ಕೈಯಲ್ಲೊಂದು ಕಂದು ಬಣ್ಣದ ಪಾರ್ಸೆಲ್. ಊಟದ ಮೇಜಿನ ಮೇಲಿಟ್ಟು, "ನಿನಗೆ," ಎಂದ. ಆಮೇಲೆ ಇನ್ನಷ್ಟು ಧೈರ್ಯ ತಂದುಕೊಂಡು, "ತಿಂಗಳು ತಿಂಗಳೂ ಬರುತ್ತೆ. ಮೂರು ತಿಂಗಳು," ಎಂದ. ಅವನ ಲೆಕ್ಕದಲ್ಲಿ ಅದೊಂದು ಭಾಷಣ.

ಅಕ್ಕನಿಗೆ ಕಣ್ಣು ತುಂಬಿಬಂತು. ತನ್ನ ಮೂರು ತಿಂಗಳ ಮಾತನ್ನು ಈ ಮನುಷ್ಯ ಕಿವಿಗೆ ಹಾಕಿಕೊಂಡಿದ್ದಾನೆ! ಖುಷಿಯಲ್ಲಿ ಹೊರಗಿನ ರಟ್ಟು ಬಿಚ್ಚಿದಳು. ಒಳಗಿನಿಂದ ಹಸಿರು ಮುಚ್ಚಳ ಇಣುಕಿತು. ಅವಳ ಕೈ ಅಲ್ಲೇ ನಿಂತಿತು. ಮುಚ್ಚಳ ತೆಗೆದಳು. ತೆಳುಕಾಗದದ ಮೂಲೆಯಲ್ಲಿ ಬೆರಳಿನಷ್ಟು ಕಿವಿ ಅವಳನ್ನೇ ನೋಡುತ್ತಿತ್ತು.

ಪಾಪ, ಊರಿನಲ್ಲಿ ಇಷ್ಟೊಂದು ಬಗೆಯ ಪೆಟ್ಟಿಗೆಗಳಿರುವಾಗ ಈ ಪುಣ್ಯಾತ್ಮ ಹೋಗಿ ಹೋಗಿ ಹೆಂಡತಿಯೇ ತುಂಬಿದ ಪೆಟ್ಟಿಗೆಯನ್ನು ಹೆಂಡತಿಗೇ ಕೊಂಡುತಂದಿದ್ದಾನೆ. ಒಳಗಿನ ಒಂದೊಂದು ಸಾಮಾನೂ ಅವಳಿಗೆ ಬಾಯಿಪಾಠ. ಬಿಚ್ಚುವವರಿಗೆ ಏನಿದೆಯೆಂದು ಗೊತ್ತಿರಬಾರದು ಎಂಬುದೊಂದೇ ಈ ಉಡುಗೊರೆಯ ಸಾರ. ಆ ಸಾರವೇ ಸೋರಿಹೋಗಿದೆ ಎಂದು ಇವನಿಗೆ ಹೇಳುವುದು ಹೇಗೆ? ಅವನು ಎದುರಿಗೆ ನಿಂತು, ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ, ಅವಳ ಮುಖವನ್ನೇ ನೋಡುತ್ತಿದ್ದ. ಹೇಳಬಾರದು ಎಂದು ಅಕ್ಕ ಆ ಕ್ಷಣದಲ್ಲೇ ತೀರ್ಮಾನಿಸಿದಳು. ಪ್ರಾಣ ಹೋದರೂ ಹೇಳಬಾರದು.

ಆದರೆ ನಟನೆ ಅವಳಿಗೆ ಒಲಿದ ವಿದ್ಯೆಯಲ್ಲ. ಪೊಟ್ಟಣದಲ್ಲಿ ಸುತ್ತಿದ್ದ ಉದ್ದನೆಯ ವಸ್ತುವನ್ನು ಕೈಗೆತ್ತಿಕೊಂಡವಳೇ, "ಅಯ್ಯೋ, ಮೇಣದಬತ್ತಿ! ಎಷ್ಟು ಚೆನ್ನಾಗಿದೆ!" ಎಂದುಬಿಟ್ಟಳು.

"ಬಿಚ್ಚೇ ಇಲ್ಲವಲ್ಲಮ್ಮ, ಚೆನ್ನಾಗಿದೆ ಅಂತ ಹೇಗೆ ಗೊತ್ತಾಯ್ತು?" ಅತ್ತೆಯ ಪ್ರಶ್ನೆ ಚುಚ್ಚುವ ಹಾಗೆ ಬಂತು.

"ವಾಸನೆ ಬಂತು ಅತ್ತೆ."

"ನನಗೆ ಬರಲಿಲ್ಲ."

"ನಿಮಗೆ ನೆಗಡಿ ಅಲ್ವಾ?"

ಅತ್ತೆಗೆ ನೆಗಡಿಯೇನೂ ಇರಲಿಲ್ಲ. ಗಂಡ ಮಾತ್ರ ತುಟಿಯ ಒಂದು ಮೂಲೆಯಲ್ಲಿ ನಕ್ಕು, ಕೈಕಾಲು ತೊಳೆಯಲು ಹೋದ.

ಆ ತಿಂಗಳಿಡೀ ಅಕ್ಕನಿಗೆ ಒಂದೇ ಚಿಂತೆ. ಇನ್ನೂ ಎರಡು ಪೆಟ್ಟಿಗೆ ಬರಲಿವೆ. ಒಮ್ಮೆ ತಪ್ಪಿಸಿಕೊಂಡಳು, ಮತ್ತೆರಡು ಸಲ ಸುಳ್ಳು ಆಶ್ಚರ್ಯ ತೋರಿಸುವುದು ಆಗಿಹೋಗುವ ಮಾತಲ್ಲ. ಮುಖ ನೋಡಿದರೆ ಅವನಿಗೆ ತಿಳಿದೇಬಿಡುತ್ತದೆ. ಇಷ್ಟು ವರ್ಷಗಳಲ್ಲಿ ಒಮ್ಮೆ ಆ ಮನುಷ್ಯ ಬಾಯಿ ಬಿಟ್ಟು ನಿನಗೆ ಎಂದದ್ದು. ಅದು ಹುಸಿಹೋದರೆ ಅವನು ಇನ್ನೊಮ್ಮೆ ಅನ್ನುವುದಿಲ್ಲ. ಯೋಚಿಸಿ ಯೋಚಿಸಿ ಕೊನೆಗೆ ಒಂದು ದಾರಿ ಹೊಳೆಯಿತು. ಒಳಗೇನಿದೆ ಎಂದು ತನಗೆ ನಿಜವಾಗಿಯೂ ಗೊತ್ತಿಲ್ಲದಿದ್ದರೆ? ಆಗ ನಟಿಸುವ ಪ್ರಶ್ನೆಯೇ ಬರುವುದಿಲ್ಲ. ಅದಕ್ಕೆ ಮಾಡಬೇಕಾದದ್ದು ಒಂದೇ, ಹಸಿರು ಮೇಜು ಬಿಡುವುದು.

ಹೇಳುವುದು ಸುಲಭ. ಬಿಡುವುದು ಅಷ್ಟು ಸುಲಭವಲ್ಲ. ಆದರೂ ಹೊಸ ತಿಂಗಳ ಸಾಮಾನು ಬರುವ ಮೊದಲೇ ಸೂಪರ್‌ವೈಸರಮ್ಮನ ಎದುರು ನಿಂತಳು.

"ನನ್ನನ್ನ ಹಳದಿ ಮೇಜಿಗೆ ಹಾಕಿ ಮೇಡಂ. ಸೋಪಿನ ವಾಸನೆಗೆ ತಲೆನೋವು ಬರ್ತಿದೆ."

ಸೂಪರ್‌ವೈಸರಮ್ಮ ಕನ್ನಡಕ ತೆಗೆದು ಅವಳನ್ನು ನೋಡಿದರು. "ಇಷ್ಟು ವರ್ಷ ಬರದೇ ಇದ್ದ ತಲೆನೋವು ಈಗ ಬಂತಾ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲ."

"ಮಾದರಿ ಯಾರು ಮಾಡ್ತಾರೆ?"

"ಚೂಟಿ ಮಾಡ್ತಾಳೆ," ಎಂದಳು ಅಕ್ಕ.

ಹಳದಿ ಮೇಜಿನಲ್ಲಿ ಮರದ ಗೊಂಬೆ, ಬಣ್ಣದ ಕಡ್ಡಿ, ಜೋಡಿಸುವ ಚಿತ್ರಗಳು. ಅಕ್ಕ ಅವನ್ನೂ ಒಪ್ಪವಾಗಿಯೇ ತುಂಬಿದಳು, ಕೈ ಸುಮ್ಮನಿರಬೇಕಲ್ಲ. ಆದರೆ ಕುಡಿಯುವ ನೀರಿಗೆ ಹೋಗಬೇಕಾದರೆ ಹಸಿರು ಮೇಜನ್ನು ದಾಟಿಯೇ ಹೋಗಬೇಕು. ಕಣ್ಣಿಗೆ ಏನಾದರೂ ಬಿದ್ದರೆ ಎಲ್ಲ ಕೆಟ್ಟಿತು ಎಂದು ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ನಡೆಯುತ್ತಿದ್ದಳು. ಒಂದು ದಿನ ಹಾಗೆ ಹೋಗುತ್ತಾ ತಳ್ಳುಗಾಡಿಗೆ ಢಿಕ್ಕಿ ಹೊಡೆದು ಮಂಡಿ ಊದಿಸಿಕೊಂಡಳು. ಅಕ್ಕ ಮುನಿಸಿಕೊಂಡಿದ್ದಾಳೆ, ನಮ್ಮ ಮುಖವನ್ನೂ ನೋಡುವುದಿಲ್ಲ ಎಂದು ಗೋದಾಮಿನ ತುಂಬಾ ಗುಸುಗುಸು. ಚೂಟಿ ಊಟದ ಡಬ್ಬಿ ಹಿಡಿದು ಪಕ್ಕದಲ್ಲಿ ಕೂರಲು ಬಂದರೆ ಅಕ್ಕ, "ಏನೂ ಹೇಳಬೇಡ, ಏನೂ ಹೇಳಬೇಡ!" ಎಂದು ಕಿವಿ ಮುಚ್ಚಿಕೊಂಡಳು. ಚೂಟಿ ಅಳುಮುಖ ಮಾಡಿಕೊಂಡು ಎದ್ದುಹೋದಳು. ಅಕ್ಕನಿಗೆ ಅಂದು ಊಟ ಸೇರಲಿಲ್ಲ.

ಎರಡನೇ ಪೆಟ್ಟಿಗೆ ಬಂದಾಗ ಅತ್ತೆ ಪಕ್ಕದ ಮನೆಯಲ್ಲಿ ಹರಟುತ್ತಿದ್ದರು. ಗಂಡ ಹೆಂಡತಿ ಇಬ್ಬರೇ. ಅಕ್ಕನಿಗೆ ಚಿಕ್ಕ ಮಕ್ಕಳಂಥ ಕಾತರ. ಎಷ್ಟೋ ಸಾವಿರ ಪೆಟ್ಟಿಗೆ ತುಂಬಿದವಳಿಗೆ, ಒಳಗೇನಿದೆ ಎಂದು ತಿಳಿಯದೆ ಒಂದು ಪೆಟ್ಟಿಗೆಯ ಮುಂದೆ ಕೂರುವುದು ಹೀಗಿರುತ್ತದೆಂದು ಅಂದೇ ಗೊತ್ತಾದದ್ದು. ಜನ ದುಡ್ಡು ಕೊಡುವುದು ತಪ್ಪಲ್ಲವಪ್ಪ ಎಂದುಕೊಂಡಳು.

ಮುಚ್ಚಳ ಎತ್ತಿದಳು. ಕಾಗದಕ್ಕೆ ಮೂರು ಕಡೆ ಟೇಪು ಮೆತ್ತಿತ್ತು. ಬಿಡಿಸಲು ಹೋದರೆ ಪರ್ ಎಂದು ಹರಿಯಿತು. ಬಟ್ಟಲು ಬೋರಲು ಬಿದ್ದಿತ್ತು. ಚಹಾದ ಪೊಟ್ಟಣದ ಮೂಲೆ ಒಡೆದು ಪುಡಿ ಟವೆಲಿನ ಮೇಲೆಲ್ಲ ಚೆಲ್ಲಿತ್ತು. ಸಾಮಾನೆಲ್ಲ ಹೊಸತು, ಅವಳು ಕಂಡಿಲ್ಲದ್ದು, ಅದು ನಿಜ. "ರೀ, ನೋಡ್ರೀ, ನೀಲಿ ಬಟ್ಟಲು! ನನಗೆ ನಿಜವಾಗ್ಲೂ ಗೊತ್ತೇ ಇರಲಿಲ್ಲ!" ಎಂದಳು. ಆ ಮಾತಿನಲ್ಲಿ ಒಂದಿಷ್ಟೂ ನಟನೆ ಇರಲಿಲ್ಲ. ಆದರೂ ಕೈ ತನ್ನಷ್ಟಕ್ಕೆ ತಾನೇ ಚಹಾಪುಡಿ ಝಾಡಿಸಿ, ಹರಿದ ಕಾಗದ ಸವರಿ ಸರಿಮಾಡುತ್ತಿತ್ತು. ಇಂಥದ್ದನ್ನು ಒಬ್ಬರ ಮನೆಗೆ ಕಳಿಸುತ್ತಾರಾ?

ಗಂಡನ ಮುಖ ಇಳಿದುಹೋಗಿತ್ತು. ಅವನು ನೀಲಿ ಬಟ್ಟಲನ್ನು ನೋಡಲೇ ಇಲ್ಲ. ಹರಿದ ಕಾಗದ ಎತ್ತಿ, ಆ ಕಡೆ ಈ ಕಡೆ ತಿರುಗಿಸಿ, "ಇದು ನಿನ್ನ ಕೈಯಲ್ಲ," ಎಂದ.

ಅಕ್ಕನಿಗೆ ಏನೂ ತಿಳಿಯಲಿಲ್ಲ. "ಏನಂದ್ರಿ?"

"ಹೋದ ತಿಂಗಳದು ನಿನ್ನ ಕೈಯದು. ಇದಲ್ಲ."

"ನಿಮಗೆ... ಗೊತ್ತಿತ್ತಾ?"

"ನನ್ನ ಊಟದ ಪೊಟ್ಟಣ ದಿನಾ ನೀನೇ ಕಟ್ಟೋದಲ್ವಾ? ಅದರಲ್ಲೂ ಒಂದು ಮೂಲೆ ಬಿಟ್ಟಿರ್ತೀಯ. ನಾನು ಅದನ್ನೇ ಹಿಡಿದು ಬಿಚ್ಚೋದು."

ಆಮೇಲೆ ಅವನು ಕುರ್ಚಿ ಎಳೆದುಕೊಂಡು ಕೂತ. ಮದುವೆಯಾದಾಗಿನಿಂದ ಆಡದಷ್ಟು ಮಾತನ್ನು ಒಟ್ಟಿಗೇ ಆಡಿದ. ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟ್ ಸರಿಮಾಡಿ, ಮೇಲೆ ಕೆಳಗೆ ಓಡಿಸಿ ನೋಡುತ್ತಿದ್ದನಂತೆ. ಕೆಳಗಿನಿಂದ ಒಬ್ಬ ಹೆಂಗಸು ಹತ್ತಿದಳು. ಕೈಯಲ್ಲಿ ಪಾರ್ಸೆಲ್. ಮನೆ ತಲುಪುವವರೆಗೂ ಅವಳಿಗೆ ತಡೆಯಲಾಗಲಿಲ್ಲ, ಲಿಫ್ಟಿನಲ್ಲೇ ಬಿಚ್ಚಿದಳು. ಹಸಿರು ಮುಚ್ಚಳ, ಒಳಗೆ ಆ ಕಾಗದ, ಆ ಮೂಲೆ.

"ಅದನ್ನ ನೋಡಿ ಅವಳು ಹಾಗೇ ನಿಂತುಬಿಟ್ಲು. ಯಾರೋ ಎಷ್ಟು ಪ್ರೀತಿಯಿಂದ ಮಡಚಿದ್ದಾರೆ ನೋಡಿ ಅಂತ ನನಗೇ ತೋರಿಸಿದ್ಲು. ನನ್ನ ಹೆಂಡತಿ ಮಡಚಿದ್ದು ಅಂತ ನಾಲಿಗೆ ತುದಿಗೆ ಬಂದಿತ್ತು. ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ. ಅಷ್ಟರಲ್ಲಿ ಅವಳ ಮಹಡಿ ಬಂತು, ಇಳಿದು ಹೋದ್ಲು." ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಊರಿನವರ ಮನೆಗೆಲ್ಲ ನಿನ್ನ ಕೈಕೆಲಸ ಹೋಗುತ್ತೆ. ನಮ್ಮ ಮನೆಗೆ ಮಾತ್ರ ಬಂದಿಲ್ಲ. ಅದಕ್ಕೇ ತರಿಸಿದೆ. ಹೋದ ಸಲ ನೀನೇ ಹೇಳ್ತೀಯ, ಇದು ನಂದು ಅಂತ, ಅಮ್ಮನೂ ಕೇಳಿಸ್ಕೊಳ್ತಾಳೆ ಅಂತ ಕಾದೆ. ನೀನು ನೆಗಡಿ ಅಂದೆ."

ಅಕ್ಕ ನಕ್ಕಳು. ನಗುತ್ತಾ ನಗುತ್ತಾ ಅತ್ತುಬಿಟ್ಟಳು. ಇವನಿಗಾಗಿ ಹಸಿರು ಮೇಜು ಬಿಟ್ಟು, ಮಂಡಿ ಊದಿಸಿಕೊಂಡು, ಚೂಟಿಯನ್ನು ಅಳಿಸಿ, ಕೊನೆಗೆ ಇವನು ಬಯಸಿದ್ದ ಒಂದೇ ಒಂದನ್ನು ತಾನೇ ಕೈಯಾರೆ ತಪ್ಪಿಸಿದ್ದಳು. ಅದನ್ನೆಲ್ಲ ಅವನಿಗೆ ಹೇಳಿದಾಗ ಅವನು, "ಹೂಂ," ಎಂದ. ಮಾತಿನ ದಾಸ್ತಾನು ಅಂದಿಗೆ ಖಾಲಿಯಾಗಿತ್ತು. ಅಕ್ಕನಿಗೆ ಅಷ್ಟು ಸಾಕಾಗಿತ್ತು. ತನ್ನ ಗಂಡನಂಥ ಗಂಡ ಆ ಬೀದಿಯಲ್ಲಿ ಇನ್ನೊಬ್ಬನಿಲ್ಲ ಎಂದು ಅವಳಿಗೆ ಅನಿಸಿತು, ಈಗಲೂ ಅನಿಸುತ್ತದೆ.

ಮರುದಿನ ಅವಳು ಸೀದಾ ಸೂಪರ್‌ವೈಸರಮ್ಮನ ಬಳಿಗೆ ಹೋದಳು. "ತಲೆನೋವು ಹೋಯ್ತು ಮೇಡಂ. ನನ್ನ ಮೇಜು ನನಗೆ ಕೊಡಿ."

"ಇದೇನು ಬಸ್ ಸೀಟಾ, ಬೇಕಾದಾಗ ಎದ್ದುಹೋಗಿ ಬೇಕಾದಾಗ ಬಂದು ಕೂರೋಕೆ?"

ಬೇರೆ ದಿನವಾಗಿದ್ದರೆ ಅಕ್ಕ ತಲೆ ತಗ್ಗಿಸುತ್ತಿದ್ದಳೇನೋ. ಅಂದು ತಗ್ಗಿಸಲಿಲ್ಲ. "ನಮ್ಮ ಮನೆಗೂ ಹಸಿರು ಪೆಟ್ಟಿಗೆ ಬರುತ್ತೆ ಮೇಡಂ. ನಮ್ಮನೆಯವರು ನನಗೆ ಅಂತ ತರಿಸಿದ್ದು. ನಿನ್ನೆ ಬಂದದ್ದನ್ನ ನೋಡಿದೆ. ನಾನಿಲ್ಲದೆ ಆ ಮೇಜು ನಡೆಯಲ್ಲ."

ಇಂಥ ಮಾತು ಅವಳ ಬಾಯಿಂದ ಹಿಂದೆಂದೂ ಬಂದದ್ದಿಲ್ಲ. ಸೂಪರ್‌ವೈಸರಮ್ಮ ಏನೋ ಹೇಳುವಷ್ಟರಲ್ಲಿ ಹಸಿರು ಮೇಜಿನ ಕಡೆಯಿಂದ ಚೂಟಿ ಓಡಿಬಂದು ಅಕ್ಕನ ಕೈ ಹಿಡಿದುಕೊಂಡಳು. "ಬಾ ಅಕ್ಕ, ನಿನ್ನ ದಮ್ಮಯ್ಯ. ಆ ಮಾದರಿ ಮಾಡಿ ಮಾಡಿ ನನಗೆ ಜ್ವರ ಬರೋದೊಂದು ಬಾಕಿ."

ಅಕ್ಕ ತನ್ನ ಜಾಗಕ್ಕೆ ಹೋಗಿ ನಿಂತಳು. ಆದರೆ ಮನೆಗೆ ಬರುವುದು ತನ್ನ ಕೈಯದೇ ಆಗಿರುತ್ತದೆಯೇ ಎಂಬ ಯೋಚನೆ ಹತ್ತಿತು. ವಿಳಾಸದ ಚೀಟಿ ಅಂಟಿಸುವುದು ಆಚೆ ಕೋಣೆಯವರು. ಯಾವ ಪೆಟ್ಟಿಗೆ ಯಾರ ಮನೆಗೆ ಎಂದು ತುಂಬುವವರಿಗೆ ತಿಳಿಯುವುದಿಲ್ಲ. ತನ್ನದನ್ನು ಗುರುತು ಮಾಡಿ ತನ್ನ ಮನೆಗೆ ಹಾಕಿಸಿಕೊಳ್ಳಬಹುದಿತ್ತು, ಕೇಳಿದ್ದರೆ ಆಚೆಯವರು ಇಲ್ಲವೆನ್ನುತ್ತಿರಲಿಲ್ಲ. ಅದು ಅವಳ ಜಾಯಮಾನವಲ್ಲ. ಅದರ ಬದಲು ಅವಳು ಟೇಪಿನ ಸುರುಳಿಗಳನ್ನೆಲ್ಲ ಒಟ್ಟುಮಾಡಿ ಕಪಾಟಿನಲ್ಲಿಟ್ಟಳು. ಚೂಟಿಗೂ ಉಳಿದವರಿಗೂ ಕಿವಿ ಬಿಡುವುದನ್ನು ಕಲಿಸಿದಳು. ಇಷ್ಟು ದಿನ ಅದು ತನ್ನದೊಂದೇ ಆಗಿರಲಿ ಎಂಬ ಸಣ್ಣ ಆಸೆ ಇತ್ತು, ಸುಳ್ಳೇಕೆ. ಈಗ ಆ ಮೇಜಿನಿಂದ ಹೋಗುವ ಯಾವ ಪೆಟ್ಟಿಗೆಯನ್ನೂ ಯಾರೂ ಹರಿದು ಬಿಚ್ಚುವಂತಾಗಬಾರದು ಎನ್ನುವ ಹಠ ಅದಕ್ಕಿಂತ ದೊಡ್ಡದಾಗಿತ್ತು. ಚೂಟಿ ನಾಲ್ಕಾರು ಸಲ ಕೆಡಿಸಿ, ಬೈಸಿಕೊಂಡು, ಕೊನೆಗೆ ಕಲಿತಳು.

ಮೂರನೇ ಪೆಟ್ಟಿಗೆ ಬಂದದ್ದು ರಜೆಯ ದಿನ. ಮೂವರೂ ಮನೆಯಲ್ಲಿದ್ದರು. ಅಕ್ಕ ಕೈ ಚಾಚುವ ಮೊದಲೇ ಅತ್ತೆ ಪಾರ್ಸೆಲನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಈ ಸಲ ನಾನು ಬಿಚ್ತೀನಿ. ಹೋದ ಸಲ ನೀನು ಕಾಗದ ಹರಿದು ಚಿಂದಿ ಮಾಡಿಟ್ಟಿದ್ದೆ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ರಟ್ಟು ಬಿಚ್ಚಿದರು, ಮುಚ್ಚಳ ಎತ್ತಿದರು. ಅಕ್ಕ ಪೆಟ್ಟಿಗೆಯನ್ನು ನೋಡಲಿಲ್ಲ. ಅದರಲ್ಲಿರುವುದೆಲ್ಲ ಅವಳಿಗೆ ಗೊತ್ತೇ ಇತ್ತು. ಅವಳು ನೋಡಿದ್ದು ಅತ್ತೆಯ ಮುಖವನ್ನು. ಇಷ್ಟು ವರ್ಷ ತುಂಬಿದ ಪೆಟ್ಟಿಗೆಗಳಲ್ಲಿ ಒಂದನ್ನಾದರೂ ಪಡೆದವರು ಬಿಚ್ಚುವುದನ್ನು ಅವಳು ಕಂಡಿರಲಿಲ್ಲ. ಮುಚ್ಚಳದ ಮೇಲೆ ಒಮ್ಮೆ ಅಂಗೈ ಸವರಿ ಆಚೆಗೆ ದೂಡುವುದು, ಅಲ್ಲಿಗೆ ಅವಳ ಪಾಲು ಮುಗಿಯುತ್ತಿತ್ತು. ಆಮೇಲೆ ನಡೆಯುವುದೆಲ್ಲ ಯಾರದೋ ಮನೆಯಲ್ಲಿ, ಯಾರದೋ ಮುಖದ ಮೇಲೆ. ಈಗ ಅದು ಕಣ್ಣೆದುರೇ ನಡೆಯುತ್ತಿತ್ತು. ಅತ್ತೆಯ ಹುಬ್ಬು ಮೇಲೇರಿತು. ಕಲೆಗಟ್ಟಿದ ಕೈ ಕಾಗದದ ಮೇಲೆ ಮೆಲ್ಲಗೆ ಓಡಾಡಿ, ಎತ್ತಿದ ಮೂಲೆಯನ್ನು ಕಂಡುಹಿಡಿದು, ಎರಡೇ ಬೆರಳಲ್ಲಿ ಎಳೆಯಿತು. ಕಾಗದ ಸದ್ದಿಲ್ಲದೆ ತೆರೆದುಕೊಂಡಿತು.

ಅತ್ತೆ ಸಾಮಾನಿಗೆ ಕೈ ಹಾಕಲಿಲ್ಲ. ಕಾಗದದ ಅಂಚನ್ನೇ ನೋಡುತ್ತಾ, "ಇದನ್ನ ಮಡಚಿದವಳಿಗೆ ಮಡಚೋದು ಗೊತ್ತು," ಎಂದರು.

ಹೂಂ, ಉಹುಂಗಳ ಗಂಡ ತಡೆದುಕೊಳ್ಳದೆ ಹೇಳಿಬಿಟ್ಟ. "ನಿನ್ನ ಸೊಸೆನೇ ಅಮ್ಮ. ಅವಳ ಮೇಜಿಂದಲೇ ಬಂದದ್ದು."

ಅತ್ತೆ ಸೊಸೆಯ ಕಡೆ ತಿರುಗಿದರು. ಹೌದು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅಕ್ಕನಿಗೆ ಅದು ಆಗಲಿಲ್ಲ. ಆ ಮಡಿಕೆ ಒಂದು ಕೂದಲೆಳೆ ಎಡಕ್ಕೆ ವಾಲಿತ್ತು, ಅದು ಯಾರ ಕೈ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಮೇಜು ನಂದೇ ಅತ್ತೆ. ಇದು ಮಾತ್ರ ಚೂಟಿ ಮಡಚಿದ್ದು. ಕಲಿಸಿದ್ದು ನಾನು."

ಗಂಡನ ಮುಖ ಮತ್ತೆ ಸಪ್ಪಗಾಯಿತು. ಅತ್ತೆ ಮಾತ್ರ ಬಟ್ಟಲು, ಸೋಪು, ಚಹಾ ಎಲ್ಲವನ್ನೂ ಒಂದೊಂದಾಗಿ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ಕಾಗದವನ್ನು ಹರಡಿ, ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ಬಿಡಿಸಿದರು. ಖಾಲಿ ಪೆಟ್ಟಿಗೆಯನ್ನೂ ಅದರ ಪಕ್ಕದಲ್ಲಿ ಕಾಗದವನ್ನೂ ಸೊಸೆಯ ಮುಂದಿಟ್ಟರು.

"ಹಾಗಾದ್ರೆ ನೀನು ಮಡಚು. ನಾನು ಮತ್ತೆ ಬಿಚ್ತೀನಿ."

ಅಕ್ಕ ಎದ್ದು ಕೈ ತೊಳೆದು ಒರೆಸಿಕೊಂಡು ಬಂದಳು. ಬಟ್ಟಲನ್ನು ಕೂರಿಸಿದಳು, ಅದಕ್ಕೆ ಆತುಕೊಂಡು ಸೋಪು, ದೂರಕ್ಕೆ ಚಹಾ, ನಡುವೆ ಟವೆಲು. ಗೋದಾಮಿನಲ್ಲಿ ಇದನ್ನೇ ಮಾತಾಡುತ್ತಾ, ನಗುತ್ತಾ, ಬೇರೆಲ್ಲೋ ನೋಡುತ್ತಾ ಮಾಡುತ್ತಿದ್ದವಳು ಇವತ್ತು ಒಂದೊಂದನ್ನೂ ಎರಡೆರಡು ಸಲ ಸರಿಮಾಡಿದಳು. ಅಮ್ಮ ಮಗ ಇಬ್ಬರೂ ಬಗ್ಗಿ ನೋಡುತ್ತಿದ್ದರು. ಕಾಗದ ಹೊದಿಸಿದಳು, ನಾಲ್ಕೂ ಕಡೆ ಸಿಕ್ಕಿಸಿದಳು, ಮೂಲೆ ಬಿಟ್ಟಳು, ಮುಚ್ಚಳ ಹಾಕಿ ಅತ್ತೆಯ ಕಡೆಗೆ ಸರಿಸಿದಳು.

"ಬಿಚ್ಚಿ ಅತ್ತೆ."

ಅತ್ತೆ ಮುಚ್ಚಳ ಎತ್ತಿ ಒಳಗೆ ನೋಡಿದರು. ಒಂದು ಬೆರಳು ಮೂಲೆಯವರೆಗೂ ಹೋಯಿತು, ಅಲ್ಲೇ ನಿಂತಿತು. ಎಳೆಯಲಿಲ್ಲ. ಕಾಗದಕ್ಕೆ ಒಂದಿಷ್ಟೂ ಧಕ್ಕೆಯಾಗದ ಹಾಗೆ ಮುಚ್ಚಳವನ್ನು ಮತ್ತೆ ಹಾಕಿ, ಪೆಟ್ಟಿಗೆಯನ್ನು ಮೇಜಿನ ನಟ್ಟನಡುವೆ ಇಟ್ಟರು.

"ಲೋ, ಪಕ್ಕದ ಮನೆಯವಳನ್ನ ಕರಿಯೋ," ಎಂದರು ಮಗನಿಗೆ. "ನನ್ನ ಸೊಸೆ ಕಟ್ಟಿದ್ದು. ಬಿಚ್ಚೋಕೆ ಮುಂಚೆ ಅವಳೂ ಒಂದ್ಸಲ ನೋಡ್ಲಿ."

ಅಷ್ಟರಲ್ಲಿ ಅವನು ಬಾಗಿಲು ದಾಟಿಯಾಗಿತ್ತು.